ಮಗುವಿನ ಲೆಕ್ಕ ಯಾರ ಖಾತೆಗೆ?

ಒಂದು ಮಗುವಿಗೆ ಬಿದ್ದ ಪೆಟ್ಟಿನ ಬೆಲೆ ಎಷ್ಟು ರೂಪಾಯಿ? ಹೀಗೆ ಯಾರಾದರೂ ಕೇಳಿದರೆ ನಮಗೆ ಸಿಟ್ಟು ಬರುವುದು ಸಹಜ. ಮಗುವೇನು ಮಂಡಿಯಲ್ಲಿ ತೂಗುವ ಬೆಲ್ಲವೇ, ಅದರ ಅಳುವಿಗೆ ದರ ಕಟ್ಟಲು? ಆದರೂ ಈ ಪ್ರಶ್ನೆಯನ್ನು ಕೇಳಿದವರಿದ್ದಾರೆ. ಕೇಳಿದ್ದಷ್ಟೇ ಅಲ್ಲದೆ, ಡಾಲರಿನ ಕೊನೆಯ ಅಂಕಿಯವರೆಗೆ ಉತ್ತರವನ್ನೂ ಕೊಟ್ಟಿದ್ದಾರೆ. ಅವರೇನೂ ನಿರ್ದಯರಲ್ಲ. ಮಕ್ಕಳ ಮೇಲಿನ ಹಿಂಸೆಯನ್ನು ತಡೆಯಬೇಕೆಂದೇ ಹೊರಟವರು. ಹಾಗಾದರೆ ಇಂಥ ಲೆಕ್ಕ ಹಾಕುವುದು ಧರ್ಮವೋ, ಅಧರ್ಮವೋ? ಹಗಲೆಲ್ಲ ಅಂಕಿಗಳ ನಡುವೆ ಕುಳಿತು ಹೊಟ್ಟೆ ಹೊರೆಯುವ ನನ್ನಂಥ ಗುಮಾಸ್ತನನ್ನು ಈ ಪ್ರಶ್ನೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮೊದಲು ಆ ಲೆಕ್ಕವನ್ನೇ ನೋಡೋಣ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಕೇಂದ್ರದ ಸಂಶೋಧಕರೂ ಅವರ ಜೊತೆಗಾರರೂ 2012ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿದರು. ಹಿಂಸೆಗೋ ನಿರ್ಲಕ್ಷ್ಯಕ್ಕೋ ಗುರಿಯಾಗಿ ಬದುಕಿ ಉಳಿದ ಒಂದು ಮಗುವಿನ ಸಂಬಂಧವಾಗಿ, ಅದರ ಆಯುಷ್ಯದುದ್ದಕ್ಕೂ ಆಗುವ ಆರ್ಥಿಕ ನಷ್ಟ ಸರಾಸರಿ 2,10,012 ಡಾಲರು. ಇದು 2010ರ ಬೆಲೆಗಳಲ್ಲಿ. ಬಾಲ್ಯದ ಔಷಧೋಪಚಾರಕ್ಕೆ 32,648. ದೊಡ್ಡವರಾದ ಮೇಲಿನ ಔಷಧೋಪಚಾರಕ್ಕೆ 10,530. ವಿಶೇಷ ಶಿಕ್ಷಣಕ್ಕೆ 7,999. ಮಕ್ಕಳ ರಕ್ಷಣೆಯ ಇಲಾಖೆಗೆ 7,728. ಪೋಲೀಸು, ಕೋರ್ಟು, ಜೈಲುಗಳಿಗೆ 6,747. ಉಳಿದ 1,44,360 ಡಾಲರು ಏನು? ಆ ಮಗು ದೊಡ್ಡದಾಗಿ ದುಡಿಯಬಹುದಾಗಿದ್ದೂ ದುಡಿಯಲಾಗದೆ ಹೋದ ಸಂಪಾದನೆ. ಅಂದರೆ ಒಟ್ಟು ನಷ್ಟದಲ್ಲಿ ಮೂರನೆಯ ಎರಡು ಪಾಲಿಗಿಂತಲೂ ಹೆಚ್ಚು ಎಂದೂ ಕೈಗೆ ಬಾರದ ಸಂಬಳ. 2008ರ ಒಂದೇ ವರ್ಷದಲ್ಲಿ ಹೊಸದಾಗಿ ಕಂಡುಬಂದ ಪ್ರಕರಣಗಳಿಂದ ಆ ದೇಶದ ಮೇಲೆ ಬೀಳುವ ಹೊರೆ 12,400 ಕೋಟಿ ಡಾಲರು ಎಂದು ಅವರು ಕೂಡಿ ತೋರಿಸಿದರು.

ಆರು ವರ್ಷಗಳ ತರುವಾಯ, 2018ರಲ್ಲಿ, ಅದೇ ಕೇಂದ್ರದವರು ಲೆಕ್ಕವನ್ನು ಪರಿಷ್ಕರಿಸಿದರು. ಈ ಸಲ ತಲಾ ನಷ್ಟ 8,30,928 ಡಾಲರಿಗೆ ಏರಿತು. ವರ್ಷದ ಒಟ್ಟು ಹೊರೆ 42,800 ಕೋಟಿ ಡಾಲರಾಯಿತು. ಅಷ್ಟರಲ್ಲಿ ಅಮೆರಿಕದ ತಂದೆತಾಯಿಗಳು ನಾಲ್ಕು ಪಟ್ಟು ಕ್ರೂರರಾಗಿದ್ದರೇ? ಇಲ್ಲ. ಮೊದಲಿನ ಲೆಕ್ಕದಲ್ಲಿ ಸೇರದಿದ್ದ ನೋವು, ಸಂಕಟ, ಕುಗ್ಗಿದ ಆರೋಗ್ಯದ ವರ್ಷಗಳನ್ನು ಈ ಸಲ ಹಣದ ರೂಪದಲ್ಲಿ ಸೇರಿಸಿಕೊಂಡರು, ಮುಖ್ಯವಾಗಿ ಅಷ್ಟೇ. ಪೆಟ್ಟು ಅದೇ, ಮಗುವೂ ಅದೇ. ಲೆಡ್ಜರಿನಲ್ಲಿ ಒಂದು ಕಾಲಂ ಹೆಚ್ಚಾಯಿತು. ಅಂಕಿ ಎಂದರೆ ಅಲುಗದ ಸತ್ಯವೆಂದು ನಂಬುವವರು ಈ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಯಾವುದನ್ನು ನಷ್ಟವೆಂದು ಒಪ್ಪುತ್ತೇವೆ ಎಂಬ ತೀರ್ಮಾನ ಕೂಡುವಿಕೆಗೆ ಮೊದಲೇ ಆಗಿರುತ್ತದೆ. ಆ ತೀರ್ಮಾನ ಗಣಿತದ್ದಲ್ಲ, ನೀತಿಯದು.

ಈ ವಿಧಾನದಲ್ಲಿ ನನ್ನನ್ನು ಚುಚ್ಚುವ ಸಂಗತಿಗಳು ಎರಡಿವೆ. ನಷ್ಟವನ್ನು ಮುಂದಿನ ಸಂಬಳದಿಂದ ಅಳೆಯುವುದಾದರೆ, ಹೆಚ್ಚು ಸಂಬಳ ಬರಬಹುದಾದ ಮಗುವಿನ ಪೆಟ್ಟು ದುಬಾರಿ, ಕಡಿಮೆ ಬರುವ ಮಗುವಿನ ಪೆಟ್ಟು ಅಗ್ಗ ಎಂದಾಯಿತು. ಅಧಿಕಾರಿಯ ಮಗನಿಗೆ ಬಿದ್ದ ಏಟಿಗಿಂತ ಗುಜರಿ ಆಯುವವನ ಮಗಳಿಗೆ ಬಿದ್ದ ಏಟು ದೇಶಕ್ಕೆ ಅಗ್ಗವಾಗಿ ಬೀಳುತ್ತದೆ! ಮುಂದೆ ಮನೆವಾರ್ತೆಯನ್ನಷ್ಟೇ ನೋಡಿಕೊಳ್ಳಲಿರುವ ಹುಡುಗಿಯ ಕಾಲಂನಲ್ಲಿ ಏನು ಬರೆಯುವುದು? ಹುಟ್ಟಿನಿಂದಲೇ ಅಂಗವಿಕಲವಾದ ಕೂಸಿನದರಲ್ಲಿ? ಯಾರಿಗೆ ಹೆಚ್ಚಿನ ಆಸರೆ ಬೇಕೋ ಅವರೇ ಈ ತಕ್ಕಡಿಯಲ್ಲಿ ಹಗುರವಾಗುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಮುಂದೆಂದೋ ಆಗುವ ನಷ್ಟವನ್ನು ಇಂದಿನ ಮೌಲ್ಯಕ್ಕೆ ಇಳಿಸಬೇಕಾಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಪೆನ್ಷನ್ ಕಮ್ಯುಟೇಶನ್ ಗೊತ್ತು. ಅರುವತ್ತಕ್ಕೆ ನಿವೃತ್ತನಾದವನು ಪೆನ್ಷನ್ನಿನ ಒಂದು ಭಾಗವನ್ನು ಇಡುಗಂಟಾಗಿ ಪಡೆದರೆ, ಆ ಭಾಗದ ಒಂದು ವರ್ಷದ ಮೊತ್ತಕ್ಕೆ 8.194 ಪಟ್ಟು ಸಿಗುತ್ತದೆ. ಕಡಿತ ಮಾತ್ರ ಹದಿನೈದು ವರ್ಷ ನಡೆಯುತ್ತದೆ. ನಾಳಿನ ರೂಪಾಯಿ ಇಂದಿನ ರೂಪಾಯಿಗಿಂತ ಚಿಕ್ಕದು ಎಂಬುದೇ ಇದರ ತಿರುಳು. 2012ರ ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಶೇಕಡಾ 3ರಂತೆ ಹೀಗೆ ಇಳಿಸಿದ್ದಾರೆ. ಆ ದರದಲ್ಲಿ ಐವತ್ತು ವರ್ಷಗಳ ನಂತರದ ನೂರು ರೂಪಾಯಿಗೆ ಇಂದು ಸುಮಾರು 23 ರೂಪಾಯಿ. ಎಂಟು ವರ್ಷದ ಹುಡುಗನಿಗೆ ಇಂದು ಬಿದ್ದ ಪೆಟ್ಟಿನಿಂದ ಅವನ ಐವತ್ತೆಂಟನೆಯ ವಯಸ್ಸಿನಲ್ಲಿ ನೂರು ರೂಪಾಯಿ ನಷ್ಟವಾಗುವುದಿದ್ದರೆ, ಹೊಡೆದವನ ಕಾಲದ ಲೆಕ್ಕದಲ್ಲಿ ಅದು ಇಪ್ಪತ್ಮೂರೇ. ಬ್ಯಾಂಕಿನ ಹಣಕ್ಕೆ ಇದು ನ್ಯಾಯವೇ ಸರಿ. ಆದರೆ ಐವತ್ತೆಂಟರಲ್ಲಿ ಆ ಮನುಷ್ಯನಿಗೆ ಎದೆನೋವು ಬಂದಾಗ ಅದು ನಾಲ್ಕನೆಯ ಒಂದು ಪಾಲಿನ ಎದೆನೋವಾಗಿ ಬರುವುದಿಲ್ಲವಷ್ಟೇ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದಾಗ ಅವರ ಮನಸ್ಸಿನಲ್ಲಿ ಬಡ್ಡಿಯ ದರವಿರಲಿಲ್ಲ.

ಇಷ್ಟು ಹೇಳಿದರೂ ನಾನು ಲೆಕ್ಕ ಹಾಕುವವರ ಪಕ್ಷವೇ. ಏಕೆಂದರೆ ಬರೆಯದೆ ಬಿಟ್ಟ ಕಾಲಂ ನಮ್ಮ ಆಡಳಿತದಲ್ಲಿ ಸೊನ್ನೆಯೆಂದೇ ಓದಲ್ಪಡುತ್ತದೆ. ಮೊತ್ತ ನಮೂದಿಸದ ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ ಎಂಬುದನ್ನು ಇಪ್ಪತ್ತು ವರ್ಷಗಳಿಂದ ಕಾಣುತ್ತಿದ್ದೇನೆ. ಮಗುವಿನ ದುಃಖ ಅಮೂಲ್ಯವೆಂದು ಕೈಮುಗಿದು ಸುಮ್ಮನಾಗುವವರಿಗಿಂತ, ತಪ್ಪೋ ಸರಿಯೋ ಒಂದು ಅಂಕಿ ಬರೆದು ಮೇಜಿನ ಮೇಲಿಟ್ಟವನು ಹೆಚ್ಚು ಉಪಕಾರಿ.

ಎಣಿಸಹೊರಟ ಮೇಲೆಯೇ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಸ್ಥೂಲಕಾಯರ ತೂಕ ಇಳಿಸುವ ಚಿಕಿತ್ಸೆಯನ್ನು ನಡೆಸುತ್ತಿದ್ದರು. ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟುಹೋಗುತ್ತಿದ್ದರು. ಏಕೆಂದು ವಿಚಾರಿಸುತ್ತ ಹೋದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರೆಂದು ತಿಳಿಯಿತು. ಮುಂದೆ ಅವರೂ ರಾಬರ್ಟ್ ಆಂಡಾ ಎಂಬವರೂ ಸೇರಿ ಹದಿನೇಳು ಸಾವಿರಕ್ಕೂ ಮಿಕ್ಕಿದ ವಯಸ್ಕರ ಬಾಲ್ಯದ ಬಗೆಗೆ ಪ್ರಶ್ನೆ ಕೇಳಿ ಉತ್ತರ ಸಂಗ್ರಹಿಸಿದರು. ಮೊದಲ ವರದಿ 1998ರಲ್ಲಿ ಬಂತು. ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಉಂಡವರಲ್ಲಿ ಕುಡಿತ, ಮಾದಕ ವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಅಧಿಕವಾಗಿತ್ತು. ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳೂ ಹೆಚ್ಚು. ಗಮನಿಸಿ, ಇವರು ಕೊಳೆಗೇರಿಯ ಜನರಲ್ಲ. ಆರೋಗ್ಯ ವಿಮೆಯಿದ್ದ, ಬಹುಪಾಲು ಕಾಲೇಜು ಮೆಟ್ಟಿಲು ಹತ್ತಿದ ಮಧ್ಯಮ ವರ್ಗದವರು, ನಮ್ಮ ನಿಮ್ಮಂಥವರು. ಸಂಭವ ಹೆಚ್ಚು ಎಂದರೆ ಪೆಟ್ಟು ತಿಂದ ಪ್ರತಿ ಮಗುವೂ ಕೆಟ್ಟೇ ಹೋಗುತ್ತದೆ ಎಂದರ್ಥವಲ್ಲ. ವಿಜ್ಞಾನ ಓದಿದವನಾಗಿ ಇದನ್ನು ಒತ್ತಿ ಹೇಳಬೇಕು. ಪ್ರೀತಿಯಿಂದ ಕಂಡ ಒಬ್ಬ ಅಜ್ಜಿಯೋ ಮೇಷ್ಟರೋ ದೊರೆತು ಚೇತರಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.

ನನ್ನ ತಕರಾರು ಬೇರೆ ಕಡೆ ಇದೆ. ಈ ಎಲ್ಲ ಲೆಕ್ಕಗಳೂ ನಷ್ಟವನ್ನು ಸಮಾಜದ ಖಾತೆಗೆ, ದೇಶದ ಖಾತೆಗೆ ಬರೆಯುತ್ತವೆ. ಇದನ್ನು ಓದಿದವನಿಗೆ, ಮಗುವನ್ನು ಕಡೆಗಣಿಸುವುದೆಂದರೆ ಎಲ್ಲರೂ ಕಳೆದುಕೊಳ್ಳುವ ಮೂರ್ಖ ವ್ಯಾಪಾರವೆಂದೂ, ತಿಳಿಸಿ ಹೇಳಿದರೆ ಜನ ಬಿಟ್ಟುಬಿಡುತ್ತಾರೆಂದೂ ಅನಿಸೀತು. ವಾಸ್ತವ ಹಾಗಿಲ್ಲ. ಅನೇಕ ವೇಳೆ ಅದರಲ್ಲಿ ಯಾರಿಗೋ ಲಾಭವಿರುತ್ತದೆ. ಜಮಾ ಒಬ್ಬರ ಹೆಸರಿಗೆ ಇಂದೇ ಆಗುತ್ತದೆ; ಖರ್ಚು ಇನ್ನೊಬ್ಬರ ಹೆಸರಿಗೆ ಮೂವತ್ತು ವರ್ಷಗಳ ಮೇಲೆ ಬೀಳುತ್ತದೆ.

ದೂರ ಹೋಗುವುದು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಮೇಲಿನ ದೌರ್ಜನ್ಯವನ್ನು ವಿವರಿಸುವಾಗ ಹೊಡೆತ, ನಿರ್ಲಕ್ಷ್ಯಗಳ ಜೊತೆಗೆ ದುಡಿಸಿಕೊಂಡು ಶೋಷಿಸುವುದನ್ನೂ ಸೇರಿಸಿದೆ. ಹಾಗೆ ನೋಡಿದರೆ ಈ ವಿಷಯದ ಒಂದು ಅಧ್ಯಾಯ ನಮ್ಮ ಮುಂಬಯಿ ಕನ್ನಡಿಗರ ಚರಿತ್ರೆಯಲ್ಲೇ ಇದೆ. ಕರಾವಳಿಯ ಹಳ್ಳಿಗಳಿಂದ ಹತ್ತು-ಹನ್ನೆರಡು ವರ್ಷದ ಹುಡುಗರು ಊರವರ ಯಾರದೋ ಕೈಹಿಡಿದು ಈ ಶಹರಕ್ಕೆ ಬಂದದ್ದು, ಹೋಟೆಲಿನಲ್ಲಿ ಮಾಣಿಗಳಾಗಿ ಟೇಬಲ್ಲು ಒರೆಸಿದ್ದು, ಕಪ್ಪುಬಸಿ ತೊಳೆದದ್ದು, ರಾತ್ರಿ ಅಲ್ಲೇ ಬೆಂಚಿನ ಮೇಲೆ ಮಲಗಿದ್ದು ನಮ್ಮ ಓದುಗರಿಗೆ ಹೊಸ ಕಥೆಯಲ್ಲ. ಕೆಲವರ ಮನೆಯಲ್ಲಿ ಅದು ತಂದೆಯ ಕಥೆ, ಕೆಲವರಲ್ಲಿ ಅಜ್ಜನ ಕಥೆ.

ಆ ಹುಡುಗನ ದುಡಿಮೆಯ ಲೆಡ್ಜರನ್ನು ಬಿಡಿಸಿ ನೋಡಿ. ದೊಡ್ಡ ಆಳಿಗೆ ಕೊಡಬೇಕಾದ ಸಂಬಳ ಮಾಲೀಕನಿಗೆ ಉಳಿಯಿತು. ಊರಿನ ಮನೆಗೆ ಒಂದು ಬಾಯಿ ಕಡಿಮೆಯಾಗಿ, ಮೇಲೆ ಮನಿಯಾರ್ಡರೂ ಬರತೊಡಗಿತು. ಗಿರಾಕಿಗೆ ಚಹಾ ಸೋವಿಯಾಗಿ ಸಿಕ್ಕಿತು. ಗಿರಾಕಿಯನ್ನು ಈ ಲೆಕ್ಕದಿಂದ ಬಿಡುವಂತಿಲ್ಲ, ಗಲ್ಲದ ಆಚೆಯವನಷ್ಟೇ ಈಚೆಯವನೂ ಪಾಲುದಾರ. ಇವಿಷ್ಟೂ ಜಮಾ. ಖರ್ಚಿನ ಬದಿಯಲ್ಲಿ ಒಬ್ಬನದೇ ಹೆಸರು. ಶಾಲೆಯ ವರ್ಷಗಳು, ನಿದ್ದೆ, ತಾಯಿಯ ಹತ್ತಿರವಿರುವ ಸುಖ, ಬೆಳೆಯುವ ಎಲುಬು. ಆ ಒಬ್ಬನಿಗೆ ಆ ಪುಸ್ತಕವನ್ನು ಓದಲು ಬರುತ್ತಿರಲಿಲ್ಲ.

ಭಾನುವಾರಗಳಂದು ಸಂಘದಲ್ಲಿ ಹಿರಿಯರಿಗೆ ಅರ್ಜಿ ಫಾರಂ ತುಂಬಿಕೊಡುವ ಕೆಲಸ ನನಗೆ ಗಂಟುಬಿದ್ದಿದೆ. ಒಮ್ಮೆ ಎಪ್ಪತ್ತು ದಾಟಿದ ಒಬ್ಬರು ಬಂದಿದ್ದರು. ಹುಟ್ಟಿದ ತಾರೀಕು ಗೊತ್ತಿಲ್ಲ. ವಿದ್ಯಾಭ್ಯಾಸ ಎರಡನೆಯ ಇಯತ್ತೆ. ಐದಾರು ಹೋಟೆಲುಗಳಲ್ಲಿ ಐವತ್ತು ವರ್ಷ ದುಡಿದದ್ದು ಹೌದು, ಪ್ರಾವಿಡೆಂಟ್ ಫಂಡು ಎಲ್ಲಿಯೂ ಇಲ್ಲ. ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. “ಬರುವಾಗ ಟೇಬಲ್ಲು ನನ್ನ ಗದ್ದಕ್ಕೆ ಬರ್ತಿತ್ತು ಮಾರಾಯ್ರೆ, ಒರೆಸ್ಲಿಕ್ಕೆ ಡಬ್ಬಿ ಮೇಲೆ ನಿಲ್ಬೇಕಿತ್ತು” ಎಂದು ನಗುತ್ತಲೇ ಹೇಳಿದರು. ಧಣಿಗಳು ಹೊಡೆಯುತ್ತಿದ್ದರೇ ಎಂದು ಕೇಳಿದೆ. “ಕಪ್ಪು ಒಡೆದ್ರೆ ಎರಡು ಕೊಡ್ತಿದ್ರು. ಊಟ ಮಾತ್ರ ಹೊಟ್ಟೆ ತುಂಬ ಹಾಕ್ತಿದ್ರು. ಸುಳ್ಳು ಹೇಳ್ಬಾರ್ದು” ಎಂದರು. ಫಾರಮ್ಮಿನಲ್ಲಿ ‘ಆದಾಯದ ಮೂಲ’ ಎಂಬ ಜಾಗದಲ್ಲಿ ಏನು ಬರೆಯಲಿ ಎಂದಾಗ ಅವರೇ “ಗೆರೆ ಎಳೆಯಿರಿ” ಎಂದು ಸೂಚಿಸಿದರು.

ಇಲ್ಲಿ ಓದುಗರು ನನ್ನನ್ನು ತಡೆದು ನಿಲ್ಲಿಸುವುದು ನ್ಯಾಯವೇ. ಆ ಕಾಲದಲ್ಲಿ ಬೇರೆ ದಾರಿ ಏನಿತ್ತು? ಊರಿನಲ್ಲಿ ಗಂಜಿಗೆ ಗತಿಯಿರಲಿಲ್ಲ. ಹೋಟೆಲಿನ ಮಾಲೀಕನೂ ಹಿಂದೆ ಅಂಥದೇ ಹುಡುಗನಾಗಿ ಬಂದವನು. ಹಗಲು ದುಡಿದ ಮಕ್ಕಳಿಗಾಗಿ ಇದೇ ಶಹರದಲ್ಲಿ ನಮ್ಮವರು ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದರು. ಅಲ್ಲಿ ಓದಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಸ್ವತಃ ಹೋಟೆಲು ಕಟ್ಟಿದವರು ಇದ್ದಾರೆ. ಇದೆಲ್ಲ ನಿಜ, ಮತ್ತು ದೊಡ್ಡ ನಿಜ. ರಾತ್ರಿ ಶಾಲೆ ಕಟ್ಟಿದವರು ಆ ಲೆಡ್ಜರಿನ ಖರ್ಚಿನ ಬದಿಯನ್ನು ಕಂಡವರು, ಅದರ ಸ್ವಲ್ಪ ಭಾಗವನ್ನಾದರೂ ತೀರಿಸಹೊರಟವರು. ಅವರಿಗೆ ನಮೋ ಎನ್ನಬೇಕು. ಹಸಿವಿನಿಂದ ಮಗನನ್ನು ಕಳಿಸಿದ ತಾಯಿಯನ್ನು ದೂರಲು ನನಗೆ ಬಾಯಿ ಬಾರದು. ಆದರೆ ಅನಿವಾರ್ಯದಿಂದ ಮಾಡಿದ ಸಾಲವೂ ಸಾಲವೇ. ಅನಿವಾರ್ಯವಾಗಿತ್ತೆಂದು ಹೇಳಿದರೆ ಮಾಡಿದವನ ದೋಷ ಕಡಿಮೆಯಾದೀತು. ಆ ಹುಡುಗನಿಗೆ ಸಲ್ಲಬೇಕಾದದ್ದು ಕಡಿಮೆಯಾಗುವುದಿಲ್ಲ.

ಇನ್ನು ಯಶಸ್ಸಿನ ಉದಾಹರಣೆಗಳ ಮಾತು. ಬರಿಗೈಯಲ್ಲಿ ಬಂದು ದೊಡ್ಡವರಾದವರ ಭಾವಚಿತ್ರಗಳನ್ನು ನಮ್ಮ ಸ್ಮರಣ ಸಂಚಿಕೆಗಳು ಅಚ್ಚುಹಾಕುತ್ತವೆ. ಗಣಿತದ ಭಾಷೆಯಲ್ಲಿ ಇವರು ಭಿನ್ನರಾಶಿಯ ಅಂಶ. ಛೇದ ಎಲ್ಲಿದೆ? ಒಟ್ಟು ಎಷ್ಟು ಹುಡುಗರು ಬಂದರು, ಎಷ್ಟು ಮಂದಿ ಕ್ಷಯ ಹಿಡಿದು ಊರಿಗೆ ಮರಳಿದರು, ಎಷ್ಟು ಮಂದಿ ಕುಡಿತಕ್ಕೆ ಬಿದ್ದರು, ಎಷ್ಟು ಮಂದಿಯ ಪತ್ತೆಯೇ ಇಲ್ಲ? ಛೇದವಿಲ್ಲದ ಅಂಶವನ್ನು ತೋರಿಸಿ ಕಷ್ಟದಿಂದಲೇ ಮನುಷ್ಯ ಗಟ್ಟಿಯಾಗುತ್ತಾನೆ ಎಂದು ಸಿದ್ಧಾಂತ ಕಟ್ಟುವುದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ.

ಇದೇ ತರ್ಕ ನಮ್ಮ ಮನೆಗಳಲ್ಲಿ ಬೇರೊಂದು ವೇಷದಲ್ಲಿ ಓಡಾಡುತ್ತದೆ. “ನಮ್ಮಪ್ಪ ಬೆಲ್ಟಿನಲ್ಲಿ ಬಾರಿಸಿದ್ದರಿಂದಲೇ ನಾನು ಇಷ್ಟರಮಟ್ಟಿಗೆ ಬಂದೆ” ಎಂದು ಹೆಮ್ಮೆಯಿಂದ ಹೇಳುವವರು, ‘ದಂಡಂ ದಶಗುಣಂ’ ಎನ್ನುವವರು ಪ್ರತಿ ಕಟ್ಟಡದಲ್ಲೂ ಇದ್ದಾರೆ. ಹೀಗೆ ಹೇಳಲು ಬದುಕಿ, ಓದಿ, ಸೋಫಾದಲ್ಲಿ ಕುಳಿತಿರುವವನು ಅಂಶಕ್ಕೆ ಸೇರಿದವನು. ಅದೇ ಬೆಲ್ಟಿನಿಂದ ಮನೆಬಿಟ್ಟು ಓಡಿ ಹೋದ ಅವನ ಸಹಪಾಠಿ ಸಂಜೆಯ ಹರಟೆಗೆ ಬರುವುದಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ವರದಿಯಂತೆ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಕುಟುಂಬದೊಳಗೆ ಹೊಡೆತ ತಿಂದವರಲ್ಲಿ ಶೇಕಡಾ 88.6ರಷ್ಟು ಮಕ್ಕಳಿಗೆ ಹೊಡೆದವರು ತಂದೆತಾಯಿಗಳೇ. ಆ ರಾಜ್ಯಗಳಲ್ಲಿ ಮಹಾರಾಷ್ಟ್ರ, ದೆಹಲಿಗಳು ಸೇರಿದ್ದವು. ಕಷ್ಟದಲ್ಲಿರುವ ಮಗುವಿಗಾಗಿ ಕರೆಮಾಡುವ 1098 ಎಂಬ ದೂರವಾಣಿ ಸೇವೆ 1996ರಲ್ಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ. ಪಕ್ಕದ ಮನೆಯ ಮಗುವಿನ ಕಿರುಚಾಟ ಕೇಳಿದಾಗ ಟಿವಿಯ ಸದ್ದು ಏರಿಸುವ ನಾವು ಆ ನಂಬರನ್ನು ಬರೆದಿಟ್ಟುಕೊಂಡರೆ ನಷ್ಟವೇನಿಲ್ಲ.

ಬೆಲೆಯ ಮಾತಿಗೆ ಮತ್ತೆ ಬರೋಣ, ಏಕೆಂದರೆ ನಮ್ಮ ದೇಶದಲ್ಲಿಯೂ ಒಂದು ಬೆಲೆ ಕಟ್ಟಲಾಗಿದೆ. ಶಿವಕಾಶಿಯ ಬೆಂಕಿಪೊಟ್ಟಣ-ಪಟಾಕಿ ಕಾರ್ಖಾನೆಗಳ ಮಕ್ಕಳ ಕುರಿತು ಎಂ. ಸಿ. ಮೆಹ್ತಾ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 10ರಂದು ತೀರ್ಪಿತ್ತಿತು. ಕಾನೂನು ಮೀರಿ ದುಡಿಸಿಕೊಂಡ ಒಂದೊಂದು ಮಗುವಿಗೂ ಮಾಲೀಕನು 20,000 ರೂಪಾಯಿ ಪರಿಹಾರವನ್ನು ಒಂದು ನಿಧಿಗೆ ಕಟ್ಟಬೇಕು. ಆ ಮನೆಯ ದೊಡ್ಡವರೊಬ್ಬರಿಗೆ ಸರ್ಕಾರ ಕೆಲಸ ಕೊಡಲಾಗದಿದ್ದರೆ ತಾನೂ 5,000 ಸೇರಿಸಬೇಕು. ಮಗುವನ್ನು ಶಾಲೆಗೆ ಕಳಿಸುವ ತನಕ ಬಡ್ಡಿ ಆ ಕುಟುಂಬಕ್ಕೆ. ಈ ತೀರ್ಪಿನ ಹಿರಿಮೆ ಮೊತ್ತದಲ್ಲಿಲ್ಲ. ಖರ್ಚು ಯಾರ ಖಾತೆಗೆ ಎಂಬುದನ್ನು ಅದು ಸರಿಯಾಗಿ ಗುರುತಿಸಿತು. ಲಾಭ ಪಡೆದವನು ತೆರಬೇಕು, ಹಣ ಸಮಾಜವೆಂಬ ಹೆಸರಿಲ್ಲದವರಿಗೆ ಹೋಗದೆ ಆ ಮಗುವಿನ ಹೆಸರಿನಲ್ಲಿ ಕೂರಬೇಕು. ಮೊತ್ತದ ವಿಚಾರದಲ್ಲಿ ಮಾತ್ರ ಒಬ್ಬ ಗುಮಾಸ್ತನ ಟಿಪ್ಪಣಿ ಇದೆ. ಐದನೆಯ ವೇತನ ಆಯೋಗದಂತೆ 1996ರಲ್ಲಿ ಕೇಂದ್ರ ಸರ್ಕಾರದ ಅತಿ ಕೆಳಗಿನ ನೌಕರನ ಮೂಲ ವೇತನ ತಿಂಗಳಿಗೆ 2,550 ರೂಪಾಯಿ; 20,000 ಎಂದರೆ ಅವನ ಸುಮಾರು ಎಂಟು ತಿಂಗಳ ವೇತನ. 2016ರಲ್ಲಿ ಬಾಲಕಾರ್ಮಿಕ ಕಾನೂನಿಗೆ ತಿದ್ದುಪಡಿಯಾದಾಗ ವಿಧಿಸಿದ ಕನಿಷ್ಠ ದಂಡವೂ 20,000ವೇ, ಗರಿಷ್ಠ 50,000. ಅದೇ ವರ್ಷದಿಂದ ಏಳನೆಯ ಆಯೋಗದ ಕನಿಷ್ಠ ವೇತನ 18,000. ಪರಿಹಾರವೂ ದಂಡವೂ ಕಾನೂನಿನಲ್ಲಿ ಬೇರೆ ಬೇರೆ ಎಂಬುದನ್ನು ಬಲ್ಲೆ. ಆದರೂ ಎಂಟು ತಿಂಗಳ ಬೆಲೆ ಒಂದು ತಿಂಗಳಿನ ಬೆಲೆಗೆ ಇಳಿದದ್ದನ್ನು ಗಮನಿಸದೆ ಇರಲಾಗುವುದಿಲ್ಲ. ನಮಗಾದರೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆಯ ಪರಿಷ್ಕರಣೆ ಇದೆ. ಮಗುವಿಗೆ ಅಂಥ ಯೂನಿಯನ್ ಇಲ್ಲ.

ಹೋಟೆಲಿನ ಮಾಣಿ ಈಗ ಬಹುಮಟ್ಟಿಗೆ ಕಾಣಿಸುವುದಿಲ್ಲ. ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ಆದರೆ ಗಂಡಹೆಂಡತಿ ಇಬ್ಬರೂ ದುಡಿಯುವ ಫ್ಲಾಟುಗಳಲ್ಲಿ, ಊರಿನ ಕಡೆಯಿಂದ ಕರೆತಂದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಾಗಿಲು ತೆರೆಯುವುದು ಇನ್ನೂ ನಿಂತಿಲ್ಲ. “ನೆಂಟರ ಪೈಕಿ, ಇಲ್ಲೇ ಓದಿಸ್ತೀವಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾವ ಶಾಲೆ, ಯಾವ ಇಯತ್ತೆ ಎಂದು ಕೇಳಿದರೆ ಚಹಾ ಬರುವುದು ತಡವಾಗುತ್ತದೆ. ಅವಳ ದುಡಿಮೆಯಿಂದ ಆ ತಾಯಿಗೆ ನೌಕರಿ ಉಳಿಯಿತು, ಕೂಸಿಗೆ ಆರೈಕೆ ದೊರೆಯಿತು, ಊರಿಗೆ ಹಣ ಹೋಯಿತು, ಹಳೆಯ ಲೆಡ್ಜರೇ. ಕೇಂದ್ರ ಸರ್ಕಾರಿ ನೌಕರರಿಗಂತೂ ನಡತೆ ನಿಯಮಗಳ 22-ಎ ನಿಯಮವೇ ಇದೆ: ಹದಿನಾಲ್ಕರ ಕೆಳಗಿನ ಯಾರನ್ನೂ ಕೆಲಸಕ್ಕಿಟ್ಟುಕೊಳ್ಳಕೂಡದು. ನಮ್ಮ ಸದಸ್ಯರಲ್ಲಿ ಕೇಂದ್ರ ನೌಕರರು ಅನೇಕರಿರುವುದರಿಂದ ಈ ನಿಯಮದ ಸಂಖ್ಯೆಯನ್ನು ಇಲ್ಲಿ ಮುದ್ರಿಸುವುದು ಉಚಿತವೆಂದು ತೋರಿತು.

ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ವಿನಂತಿ ಇದೆ. ಮುಂಬಯಿಯ ಹಳೆಯ ಕನ್ನಡ ರಾತ್ರಿ ಶಾಲೆಗಳ ದಾಖಲಾತಿ ಪುಸ್ತಕಗಳು, ಹಾಜರಿ ಪಟ್ಟಿಗಳು ಯಾರದಾದರೂ ಕಪಾಟಿನಲ್ಲಿ ಗೆದ್ದಲಿಗೆ ಸಿಗದೆ ಉಳಿದಿದ್ದರೆ, ಅವನ್ನು ತರಿಸಬೇಕು. ಸೇರಿದವರೆಷ್ಟು, ಸೇರುವಾಗ ವಯಸ್ಸೆಷ್ಟು, ಎಷ್ಟನೆಯ ತಿಂಗಳಿನಿಂದ ಹೆಸರಿನ ಮುಂದೆ ಗೈರುಹಾಜರಿ ಶುರುವಾಯಿತು, ಕೊನೆಯ ಪರೀಕ್ಷೆಗೆ ಕೂತವರೆಷ್ಟು ಎಂಬುದನ್ನು ಪಟ್ಟಿ ಮಾಡಬಹುದು. ಮುಂದಿನ ಸ್ಮರಣ ಸಂಚಿಕೆಯಲ್ಲಿ ಭಾವಚಿತ್ರಗಳ ಎದುರುಪುಟದಲ್ಲಿ ಆ ಪಟ್ಟಿ ಬರಲಿ. ನಕಲು ಮಾಡುವ ಕೆಲಸಕ್ಕೆ ನಾನು ಭಾನುವಾರ ಮಧ್ಯಾಹ್ನಗಳಲ್ಲಿ ಬರಬಲ್ಲೆ. ಹಳೆಯ ಮೋಡಿ ಕೈಬರಹ ಓದಬಲ್ಲ ಒಬ್ಬ ಹಿರಿಯರು ಜೊತೆಗಿದ್ದರೆ ಕೆಲಸ ಬೇಗ ಮುಗಿದೀತು.